ಎಕ್ಸಲರೇಟರ್ ಬಿಟ್ಟು ಹಿಡಿದರೆ ಝಟಕಾ: ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಹಿಂದಿನ ಗಾಲಿ ನೋಡಿ

ಪ್ರಶ್ನೆ: ನನ್ನದು 400 ಸಿಸಿಯ ಸಿಂಗಲ್ ಸಿಲಿಂಡರ್ ಟೂರಿಂಗ್ ಬೈಕ್. 31,000 ಕಿ.ಮೀ. ಓಡಿದೆ. ದಿನಾ ಸೇಡಂನಿಂದ ಕಲಬುರಗಿಗೆ ಓಡಾಟ, ವರ್ಷಕ್ಕೆ ಎರಡು ಸಲ ದೂರದ ಟೂರ್. 22,000 ಕಿ.ಮೀ.ಗೆ ಚೈನ್ ಸೆಟ್ ಬದಲಿಸಿದ್ದೇನೆ. ಈಚೆಗೆ ನಿಧಾನ ಹೋಗುವಾಗ ಎಕ್ಸಲರೇಟರ್ ಬಿಟ್ಟು ಮತ್ತೆ ಹಿಡಿದರೆ ಟಕ್ ಅಂತ ಝಟಕಾ ಹೊಡೆಯುತ್ತದೆ. ಹಿಂದೆ ಕೂತ ಮನೆಯವರ ಹೆಲ್ಮೆಟ್ ಬಂದು ನನ್ನ ಹೆಲ್ಮೆಟ್‌ಗೆ ಬಡಿಯುತ್ತದೆ. ಬೆಳಗ್ಗೆ ಫಸ್ಟ್ ಗೇರ್ ಹಾಕಿದರೆ ಧಡ್ ಅನ್ನುತ್ತದೆ. ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವಾಗ ಕೆಲವು ಸಲ ನ್ಯೂಟ್ರಲ್‌ನಲ್ಲೇ ನಿಂತುಬಿಡುತ್ತದೆ. ಚೈನ್ ಟೈಟ್ ಮಾಡಿಸಿದೆ, ಫರಕ್ ಬೀಳಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ನೋಡಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬಿಚ್ಚಿಸಲಾ? ಚೈನ್ ಬದಲು ಉಕ್ಕಿನ ದಂಡ ತಿರುಗುವ ಶಾಫ್ಟ್ ಡ್ರೈವ್ ಗಾಡಿಗಳಲ್ಲಿ ಈ ತೊಂದರೆ ಇರುವುದಿಲ್ಲವಾ?

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಒಂದು ಕೂಡ ಗೇರ್‌ಬಾಕ್ಸ್ ಹಾಳಾಗಿದೆ ಅಂತ ಗಟ್ಟಿಯಾಗಿ ಹೇಳುವುದಿಲ್ಲ. ಝಟಕಾ ಒಂದು ತೊಂದರೆ. ಬೆಳಗಿನ ಧಡ್ ಇನ್ನೊಂದು. ಸೆಕೆಂಡ್ ಬೀಳದೆ ನ್ಯೂಟ್ರಲ್‌ಗೆ ಜಾರುವುದು ಮೂರನೆಯದು. ಮೂರೂ ಒಟ್ಟಿಗೆ ಕಾಣಿಸಿಕೊಂಡಿವೆ ಅಂದಮಾತ್ರಕ್ಕೆ ಮೂರಕ್ಕೂ ಒಂದೇ ಕಾರಣ ಇರಬೇಕು ಅಂತೇನಿಲ್ಲ. ನಮ್ಮ ಗ್ಯಾರೇಜಿಗೆ ‘ಗೇರ್‌ಬಾಕ್ಸ್ ಹೋಗಿದೆ’ ಅಂತ ಬರುವ ಗಾಡಿಗಳಲ್ಲಿ ಜಾಸ್ತಿ ಪಾಲು ಗೇರ್‌ಬಾಕ್ಸ್ ಮುಟ್ಟದೆಯೇ ಸರಿಯಾಗಿ ಹೋಗುತ್ತವೆ.

ಮೊದಲು ಝಟಕಾ ಎಲ್ಲಿಂದ ಬರುತ್ತದೆ ನೋಡೋಣ. ಎಂಜಿನ್‌ನ ಜೋರು ಹಿಂದಿನ ಟೈರ್‌ವರೆಗೆ ಕೈಯಿಂದ ಕೈಗೆ ದಾಟುತ್ತ ಬರುತ್ತದೆ. ಕ್ರ್ಯಾಂಕ್‌ನಿಂದ ಪ್ರೈಮರಿ ಗೇರ್, ಅಲ್ಲಿಂದ ಕ್ಲಚ್, ಗೇರ್‌ಬಾಕ್ಸ್‌ನ ಎರಡು ಶಾಫ್ಟ್, ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಚೈನ್, ಹಿಂದಿನ ಸ್ಪ್ರಾಕೆಟ್, ಗಾಲಿಯ ನಡುವಿನ ಹಬ್ ಒಳಗೆ ಹೊಡೆತ ತಡೆಯುವ ರಬ್ಬರ್, ಕೊನೆಗೆ ಗಾಲಿ. ಈ ಪ್ರತಿ ಜಾಗದಲ್ಲೂ ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ ಆಟ, ಇರುತ್ತದೆ, ಇರಲೇಬೇಕು. ಹಲ್ಲಿಗೆ ಹಲ್ಲು ಸಂದಿಲ್ಲದೆ ಕೂತರೆ ಆಯಿಲ್ ಒಳಗೆ ಹೋಗುವುದಿಲ್ಲ, ಬಿಸಿಯಾದಾಗ ಹಿಗ್ಗಲು ಜಾಗ ಇರುವುದಿಲ್ಲ. ಎಕ್ಸಲರೇಟರ್ ಹಿಡಿದಾಗ ಹಲ್ಲಿನ ಒಂದು ಮಗ್ಗುಲು ತಾಗಿರುತ್ತದೆ. ಬಿಟ್ಟಾಗ ಗಾಲಿಯೇ ಎಂಜಿನ್ನನ್ನು ತಳ್ಳುತ್ತದೆ, ಆಗ ಇನ್ನೊಂದು ಮಗ್ಗುಲು ತಾಗುತ್ತದೆ. ಈ ಕಡೆಯಿಂದ ಆ ಕಡೆಗೆ ಹೋಗುವಾಗ ಎಲ್ಲ ಸಂದುಗಳ ಪ್ಲೇ ಕೂಡಿ ಒಂದೇ ಸಲ ಬಡಿಯುತ್ತದೆ. ನಿಮಗೆ ಕೇಳುವ ಟಕ್ ಅದೇ.

ಅಂದರೆ ಹೊಸ ಗಾಡಿಯಲ್ಲೂ ಸ್ವಲ್ಪ ಟಕ್ ಇದ್ದೇ ಇರುತ್ತದೆ. ದೊಡ್ಡ ಸಿಂಗಲ್ ಸಿಲಿಂಡರ್‌ನಲ್ಲಿ ಅದು ಹೆಚ್ಚು ಗೊತ್ತಾಗುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದೇ ಸಲ ಹೊಡೆತ, ಆ ಒಂದು ಹೊಡೆತ ಜೋರಾಗಿಯೇ ಇರುತ್ತದೆ. ‘ಮೊದಲು ಇರಲಿಲ್ಲ, ಈಗ ಬಂದಿದೆ’ ಅನ್ನುತ್ತೀರಲ್ಲ, ಹಾಗಾದರೆ ಯಾವುದೋ ಒಂದು ಸಂದಿನಲ್ಲಿ ಪ್ಲೇ ಜಾಸ್ತಿಯಾಗಿದೆ. ಅದು ಯಾವುದು ಅಂತ ಹುಡುಕಬೇಕು, ಅಷ್ಟೆ.

ಎಲ್ಲರೂ ಮೊದಲು ಬಯ್ಯುವುದು ಚೈನಿಗೆ. ನಿಮ್ಮ ಚೈನ್ ಟೈಟ್ ಮಾಡಿಸಿದರೂ ಫರಕ್ ಬೀಳಲಿಲ್ಲ. ಬೀಳುವುದೂ ಇಲ್ಲ, ಯಾಕೆ ಅಂತ ಹೇಳುತ್ತೇನೆ. ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿ ನೋಡಿ. ತಂತಿ ಒಂದು ಬೆರಳಿನಷ್ಟು ಉದ್ದ ಹೆಚ್ಚಾದರೂ ನಡುವೆ ಮೊಳದಷ್ಟು ಜೋತುಬೀಳುತ್ತದೆ, ಅಲ್ವಾ? ಚೈನೂ ಹಾಗೆಯೇ. ಎರಡು ಸ್ಪ್ರಾಕೆಟ್ ನಡುವೆ ಚೈನ್ ಸುಮಾರು 600 ಮಿ.ಮೀ. ಇದೆ ಅನ್ನಿ. ಕೆಳಗಿನ ಸಾಲಿನ ನಡುಮಧ್ಯೆ ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಒಟ್ಟು 30 ಮಿ.ಮೀ. ಆಡುತ್ತದೆ ಅನ್ನಿ. ನೋಡುವುದಕ್ಕೆ ಭಾರಿ ಲೂಸ್ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿದರೆ ಚೈನಿನ ಹೆಚ್ಚುವರಿ ಉದ್ದ 1 ಮಿ.ಮೀ. ಕೂಡ ಇಲ್ಲ, ಮುಕ್ಕಾಲು ಮಿ.ಮೀ. ಅಷ್ಟೆ. ಹಿಂದಿನ ಟೈರ್ ಅಂಚಿನಲ್ಲಿ ಅಳೆದರೆ ಎರಡು ಎರಡೂವರೆ ಮಿ.ಮೀ. ಆಟ. 25 ಇದ್ದದ್ದನ್ನು 20ಕ್ಕೆ ಎಳೆದರೆ ಟೈರ್ ಅಂಚಿನಲ್ಲಿ ತಗ್ಗುವ ಆಟ ಒಂದು ಮಿ.ಮೀ.ಗಿಂತ ಕಡಿಮೆ. ಆ ಹೆಲ್ಮೆಟ್ ಬಡಿಯುವ ಝಟಕಾ ಇಷ್ಟರಿಂದ ಹೋಗಲು ಸಾಧ್ಯವಿಲ್ಲ.

ಹಾಗಂತ ಚೈನ್ ಲೂಸ್ ಬಿಡಿ ಅಂತಲ್ಲ. ಆಟ 30ರಿಂದ 60ಕ್ಕೆ ಹೋದರೆ ಎರಡರಷ್ಟು ಆಯಿತು ಅಂದುಕೊಳ್ಳುತ್ತೇವೆ. ಹೆಚ್ಚುವರಿ ಉದ್ದ ಮಾತ್ರ ನಾಲ್ಕರಷ್ಟಾಗುತ್ತದೆ, 3 ಮಿ.ಮೀ. ಮುಟ್ಟುತ್ತದೆ. ಚೈನ್ ಸ್ವಿಂಗ್ ಆರ್ಮ್‌ಗೆ (ಹಿಂದಿನ ಗಾಲಿ ಹಿಡಿದ ತೋಳು) ಬಡಿಯುತ್ತದೆ, ಕೆಟ್ಟ ಸಮಯಕ್ಕೆ ಹಲ್ಲು ಹಾರುತ್ತದೆ. ಸರಿಯಾದ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಬಹಳ ಗಾಡಿಗಳಲ್ಲಿ ಸ್ವಿಂಗ್ ಆರ್ಮ್ ಮೇಲೇ ಸ್ಟಿಕ್ಕರ್ ಇರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಅಳೆಯಬೇಕಾ, ಡಬಲ್ ಸ್ಟ್ಯಾಂಡ್ ಮೇಲಾ ಅನ್ನುವುದನ್ನೂ ಅಲ್ಲೇ ಬರೆದಿರುತ್ತಾರೆ. ಅದನ್ನು ಓದದೆ ಅಳೆದರೆ ಅಳತೆಗೆ ಅರ್ಥವಿಲ್ಲ.

ಜಾಸ್ತಿ ಟೈಟ್ ಮಾಡುವುದು ಲೂಸ್‌ಗಿಂತ ದೊಡ್ಡ ತಪ್ಪು. ಇದನ್ನು ನಾನು ನನ್ನದೇ ಗಾಡಿಯಲ್ಲಿ ಕಂಡಿದ್ದೇನೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಬೀದರ್‌ಗೆ ಹೊರಟಿದ್ದೆ. ಹಿಂದಿನ ದಿನ ಒಂದು ಗ್ಯಾರೇಜಿನಲ್ಲಿ ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಯಾರೂ ಕೂರದೆ, ಚೈನನ್ನು ವೀಣೆ ತಂತಿಯಂತೆ ಎಳೆದು ಕೊಟ್ಟಿದ್ದರು. ಹಿಂದೆ ಗೆಳೆಯ, ಎರಡು ಕಡೆ ಬ್ಯಾಗ್. ಕಮಲಾಪುರ ದಾಟಿ ಕಿಣ್ಣಿ ಸಡಕ್ ಹತ್ತಿರ ಬರುವಷ್ಟರಲ್ಲಿ ಕಾಲ ಕೆಳಗಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಹುಮನಾಬಾದ್‌ನಲ್ಲಿ ನಿಲ್ಲಿಸಿ ಕವರ್ ತೆಗೆದರೆ ಮುಂದಿನ ಸ್ಪ್ರಾಕೆಟ್ ಹಿಂದಿನ ಸೀಲ್‌ನಿಂದ ಆಯಿಲ್ ಒಸರುತ್ತಿತ್ತು. ಆಗಿದ್ದು ಇಷ್ಟೇ. ಭಾರ ಬಿದ್ದು ಗಾಡಿ ಕೂತಾಗ ಹಿಂದಿನ ಗಾಲಿ ಮುಂದಿನ ಸ್ಪ್ರಾಕೆಟ್‌ನಿಂದ ದೂರ ಸರಿಯುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್, ಹಿಂದಿನ ಆಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಪ್ರತಿ ಗುಂಡಿಗೂ ಆ ಚೈನ್ ಗೇರ್‌ಬಾಕ್ಸ್ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತ ಬಂದಿತ್ತು. ಬೇರಿಂಗ್ ಹೋಯಿತು, ಸೀಲ್ ಹೋಯಿತು. ಚೈನ್ ಬಿಗಿ ಮಾಡಿ ಗೇರ್‌ಬಾಕ್ಸ್ ಉಳಿಸಲು ಹೋದರೆ ಗೇರ್‌ಬಾಕ್ಸೇ ಹಾಳಾಗುವ ದಾರಿ ಇದು. ನಿಮ್ಮ ಚೈನ್ ಈಗ ಎಷ್ಟಿದೆ ಅಂತ ಇವತ್ತೇ ಸ್ಕೇಲ್ ಹಿಡಿದು ನೋಡಿ. ಇಬ್ಬರು ಕೂತು, ಬ್ಯಾಗ್ ಹೇರಿದಾಗಲೂ ಕೈಗೆ ಸ್ವಲ್ಪ ಆಟ ಸಿಗಬೇಕು.

ಈಗ ಪ್ಲೇ ಹುಡುಕುವ ಕೆಲಸ. ಇದಕ್ಕೆ ಗ್ಯಾರೇಜ್ ಬೇಕಿಲ್ಲ, ಒಂದು ಚಾಕ್ ಪೀಸ್, ಒಂದು ಟಾರ್ಚ್, ಒಬ್ಬರು ಜೊತೆಗಾರರು ಸಾಕು. ಎಂಜಿನ್ ಆಫ್, ಕೀ ಜೇಬಿನಲ್ಲಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ. ಫಸ್ಟ್ ಗೇರ್‌ನಲ್ಲಿ ಹಾಕಿ. ಹಿಂದಿನ ಟೈರ್ ಪಕ್ಕದಲ್ಲಿ ಚಾಕ್‌ನಿಂದ ಗೆರೆ ಎಳೆಯಿರಿ, ಅದರ ಎದುರಿಗೆ ಮಡ್‌ಗಾರ್ಡ್‌ನ ಯಾವುದಾದರೂ ಗುರುತು ಹಿಡಿಯಿರಿ. ಗಾಲಿಯನ್ನು ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ತಿರುಗಿಸಿ, ತಡೆದಲ್ಲಿ ನಿಲ್ಲಿಸಿ. ಹಿಂದಕ್ಕೆ ತಿರುಗಿಸಿ, ಮತ್ತೆ ತಡೆದಲ್ಲಿ ನಿಲ್ಲಿಸಿ. ಗೆರೆ ಎಷ್ಟು ಸರಿಯಿತು ಅಂತ ಬರೆದಿಟ್ಟುಕೊಳ್ಳಿ. ಬೆರಳು ಚೈನ್ ಹತ್ತಿರ, ಸ್ಪ್ರಾಕೆಟ್ ಹತ್ತಿರ ಬೇಡ.

ಈಗ ಜೊತೆಗಾರರು ಗಾಲಿಯನ್ನು ಹಾಗೆಯೇ ಆಡಿಸುತ್ತಿರಲಿ, ನೀವು ಟಾರ್ಚ್ ಹಿಡಿದು ನೋಡಿ. ಗಾಲಿ ಆಡುತ್ತದೆ, ಆದರೆ ಹಿಂದಿನ ಸ್ಪ್ರಾಕೆಟ್ ನಿಂತಿದೆ ಅಂದರೆ ಹಬ್ ರಬ್ಬರ್ ಹೋಗಿದೆ. ಹಿಂದಿನ ಸ್ಪ್ರಾಕೆಟ್ ಆಡುತ್ತದೆ, ಮುಂದಿನದು ನಿಂತಿದೆ ಅಂದರೆ ಚೈನ್ ಅಥವಾ ಹಲ್ಲು. ಮುಂದಿನ ಸ್ಪ್ರಾಕೆಟ್ ಕೂಡ ಆಡಿ ಆಮೇಲೆ ತಡೆಯುತ್ತದೆ ಅಂದರೆ ಉಳಿದ ಆಟ ಎಂಜಿನ್ ಒಳಗಿನದು. ಈ ಕೊನೆಯ ಆಟ ಒಳ್ಳೆಯ ಗಾಡಿಯಲ್ಲೂ ಸಾಕಷ್ಟು ಇರುತ್ತದೆ, ಟೈರ್ ಅಂಚಿನಲ್ಲಿ ಒಂದೆರಡು ಸೆಂ.ಮೀ. ಕಂಡರೂ ಗಾಬರಿ ಬೇಡ. ಅದೇ ಮಾಡೆಲ್‌ನ, ಕಡಿಮೆ ಓಡಿದ ಇನ್ನೊಂದು ಗಾಡಿಯಲ್ಲಿ ಇದೇ ಪರೀಕ್ಷೆ ಮಾಡಿ ಹೋಲಿಸಿ. ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದಾಗ ಶಾಫ್ಟ್ ಹತ್ತಿರ ಕೆಂಪು ಪುಡಿ ಕಂಡರೆ ಅದನ್ನು ಸುಮ್ನೆ ಒರೆಸಿ ಬಿಡಬೇಡಿ. ಸ್ಪ್ರಾಕೆಟ್ ತನ್ನ ಜಾಗದಲ್ಲೇ ಅಲುಗಾಡುತ್ತ ಉಕ್ಕು ತೇಯುತ್ತಿದೆ ಅಂತ ಅರ್ಥ.

ನನ್ನ ಅಂದಾಜು ಹೇಳಲಾ? ನಿಮ್ಮದು ಹಬ್ ರಬ್ಬರ್. 31,000 ಕಿ.ಮೀ., ಚೈನ್ ಸೆಟ್ ಒಂದು ಸಲ ಬದಲಾಗಿದೆ, ರಬ್ಬರ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಚೈನ್ ಸೆಟ್ ಬದಲಿಸಿದಾಗ ಗಾಲಿ ಹೇಗೂ ಬಿಚ್ಚಿರುತ್ತಾರೆ, ಆದರೆ ರಬ್ಬರ್ ಹೊರಗೆ ತೆಗೆದು ನೋಡುವವರು ಕಡಿಮೆ. ಹಳೆಯ ರಬ್ಬರ್ ಕೈಗೆ ತಗೊಂಡರೆ ಕಥೆ ಗೊತ್ತಾಗುತ್ತದೆ. ಹೊಸದು ಹಬ್ ಖಾನೆಯೊಳಗೆ ಸಲೀಸಾಗಿ ಹೋಗುವುದಿಲ್ಲ. ಸೋಪಿನ ನೀರು ಸವರಿ, ಅಂಗೈಯಿಂದ ಗುದ್ದಿ ಕೂರಿಸಬೇಕು. ಸವೆದದ್ದು ಗಾಲಿ ಬೋರಲು ಹಾಕಿದರೆ ತಾನೇ ಉದುರುತ್ತದೆ. ಒಂದು ಮಗ್ಗುಲು ಕನ್ನಡಿಯಂತೆ ನುಣ್ಣಗೆ ಹೊಳೆಯುತ್ತಿರುತ್ತದೆ. ಅದು ಎಕ್ಸಲರೇಟರ್ ಹಿಡಿದಾಗ ಹೊಡೆತ ತಿಂದ ಮಗ್ಗುಲು. ಇನ್ನೊಂದು ಮಗ್ಗುಲಲ್ಲಿ ಅಚ್ಚಿನ ಗೆರೆ ಹಾಗೇ ಉಳಿದಿರುತ್ತದೆ. ಖಾನೆಯ ತಳದಲ್ಲಿ ಕಾಡಿಗೆಯಂಥ ಕರಿ ಪುಡಿ. ಉಗುರಿನಿಂದ ಒತ್ತಿದರೆ ಗುರುತು ಮೂಡುವುದಿಲ್ಲ, ಅಷ್ಟು ಗಟ್ಟಿಯಾಗಿರುತ್ತದೆ. ನಮ್ಮಲ್ಲಿ ಬೇಸಿಗೆಗೆ 42 ಡಿಗ್ರಿ ದಾಟುತ್ತದೆ, ಡಾಂಬರಿನ ಕಾವು ಬೇರೆ. ರಬ್ಬರ್ ಒಣಗಿ ಕಟ್ಟಿಗೆಯಂತಾಗುವುದರಲ್ಲಿ ಆಶ್ಚರ್ಯ ಇಲ್ಲ.

ಕೆಲವರು ಹಳೆ ರಬ್ಬರ್‌ಗೆ ಸೈಕಲ್ ಟ್ಯೂಬ್ ತುಂಡು ಸುತ್ತಿ ಬಿಗಿ ಮಾಡಿಕೊಡುತ್ತಾರೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ಪರವಾಗಿಲ್ಲ. ಅದನ್ನೇ ರಿಪೇರಿ ಅಂದುಕೊಳ್ಳಬೇಡಿ, ಟ್ಯೂಬ್ ಬೇಗ ಹರಿದು ಪುಡಿಯಾಗುತ್ತದೆ. ಹೊಸ ಸೆಟ್ ಹಾಕಿಸಿ, ಗೇರ್‌ಬಾಕ್ಸ್ ಬಿಚ್ಚುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಅದೇ ಸಲ ಸ್ಪ್ರಾಕೆಟ್ ಹಬ್‌ನ ಬೇರಿಂಗನ್ನೂ ಬೆರಳು ಹಾಕಿ ತಿರುಗಿಸಿ ನೋಡಿ. ಗಾಲಿಯ ಬೇರಿಂಗ್‌ಗಳನ್ನು ನೋಡಿ ಇದನ್ನು ಮರೆಯುವವರೇ ಹೆಚ್ಚು.

ಚೈನಿನ ಸವೆತ ನೋಡಲು ಎರಡು ದಾರಿ. ಹಿಂದಿನ ಸ್ಪ್ರಾಕೆಟ್‌ನ ತೀರ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಬೆಳಕಿಗೆ ಬಂದರೆ ಚೈನ್ ಮುಗಿಯಿತು. ಇನ್ನೊಂದು, ಅಳತೆ. ಚೈನಿನ ಸೈಜ್ 520 ಆಗಲಿ 525 ಆಗಲಿ, ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ 15.875 ಮಿ.ಮೀ. 21 ಪಿನ್ ಎಣಿಸಿದರೆ ನಡುವೆ 20 ಕೊಂಡಿ, ಹೊಸದರಲ್ಲಿ 317.5 ಮಿ.ಮೀ. ಚೈನ್ ಜಗ್ಗಿ ಹಿಡಿದು ಅಳೆದಾಗ 320 ಮುಟ್ಟಿದ್ದರೆ ಬದಲಿಸುವ ಹೊತ್ತು. ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ ಇದ್ದರೂ ಅಷ್ಟೆ. ಬದಲಿಸಿದರೆ ಎರಡೂ ಸ್ಪ್ರಾಕೆಟ್ ಜೊತೆಗೇ ಬದಲಿಸಿ.

ನಿಮ್ಮ ದಾರಿಯ ಬಗ್ಗೆ ಒಂದು ಮಾತು. ಸೇಡಂ, ಮಳಖೇಡ ಕಡೆ ದಿನಾ ಸಿಮೆಂಟ್ ಲಾರಿಗಳ ಹಿಂದೆ ಓಡುತ್ತೀರಿ. ಶಹಾಬಾದ್ ಕಲ್ಲಿನ ಗಾಡಿಗಳದ್ದು ಬಿಳಿ ಪುಡಿ. ಮಳೆಗಾಲದಲ್ಲಿ ಹೊಲದ ಕರಿಮಣ್ಣು ಟ್ರ್ಯಾಕ್ಟರ್ ಗಾಲಿಗೆ ಅಂಟಿ ರಸ್ತೆಗೆ ಬಂದು ಚೈನಿಗೆ ಮೆತ್ತುತ್ತದೆ. ಹೀಗಿರುವಾಗ ಚೈನಿಗೆ ಆಯಿಲ್ ಸುರಿದರೆ ಪುಡಿ, ಮಣ್ಣು, ಆಯಿಲ್ ಕೂಡಿ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. 500 ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ. ಪೆಟ್ರೋಲ್ ಬೇಡ, ತಂತಿ ಬ್ರಶ್ ಬೇಡ, ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ಹಾಳಾಗುತ್ತದೆ. ಆಮೇಲೆ 90ರ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ, ಕೆಳಸಾಲಿನ ಒಳಮಗ್ಗುಲಿಗೆ ತೆಳ್ಳಗೆ. ರಾತ್ರಿ ಹಾಕಿ, ಬೆಳಗ್ಗೆ ಹೆಚ್ಚಿನದನ್ನು ಒರೆಸಿಬಿಡಿ. ಗಾಲಿ ಕೈಯಲ್ಲೇ ತಿರುಗಿಸಿ. ಗೇರ್‌ನಲ್ಲಿ ಹಾಕಿ ಎಂಜಿನ್ ಓಡಿಸುತ್ತ ಒರೆಸಲು ಹೋಗಿ ಬೆರಳು ಕಳಕೊಂಡವರಿದ್ದಾರೆ, ಕೈಮುಗಿದು ಹೇಳುತ್ತೇನೆ, ಅದನ್ನು ಮಾಡಬೇಡಿ.

ಇನ್ನು ಬೆಳಗಿನ ಧಡ್. ಬೈಕಿನ ಗೇರ್‌ಬಾಕ್ಸ್‌ನಲ್ಲಿ ಗೇರುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕೂಡಿಯೇ ತಿರುಗುತ್ತಿರುತ್ತವೆ. ನೀವು ಲಿವರ್ ಒತ್ತಿದಾಗ ಒಂದು ಗೇರ್ ಪಕ್ಕಕ್ಕೆ ಸರಿದು, ಅದರ ಮಗ್ಗುಲಿನ ದಪ್ಪ ಗೂಟಗಳು ಪಕ್ಕದ ಗೇರಿನ ಕಿಂಡಿಯೊಳಗೆ ಹೊಕ್ಕುತ್ತವೆ. ಆ ಗೂಟಕ್ಕೆ ಡಾಗ್ ಅನ್ನುತ್ತಾರೆ. ಕಿಂಡಿ ಗೂಟಕ್ಕಿಂತ ಅಗಲ ಇಟ್ಟಿರುತ್ತಾರೆ. ಇಲ್ಲದಿದ್ದರೆ ತಿರುಗುತ್ತಿರುವಾಗ ಒಳಗೆ ಹೋಗುವುದೇ ಇಲ್ಲ. ಗೇರ್ ಮೆತ್ತಗೆ ಬೀಳಬೇಕು ಅಂದರೆ ಕಿಂಡಿ ಅಗಲ ಬೇಕು, ಝಟಕಾ ಬೇಡ ಅಂದರೆ ಕಿಂಡಿ ಇಕ್ಕಟ್ಟು ಬೇಕು. ಎರಡರ ನಡುವೆ ಕಂಪನಿಯವರು ಒಂದು ಅಳತೆ ಆರಿಸಿರುತ್ತಾರೆ. ನಿಮಗೆ ಎಂಜಿನ್ ಒಳಗೆ ಕಾಣುವ ಆಟದ ದೊಡ್ಡ ಪಾಲು ಇದೇ. ಬಿಚ್ಚಿ ಹೊಸ ಗೇರ್ ಹಾಕಿದರೂ ಅದು ಇರುತ್ತದೆ.

ನ್ಯೂಟ್ರಲ್‌ನಲ್ಲಿ ಗಾಡಿ ನಿಂತಿದೆ, ಒಂದು ಶಾಫ್ಟ್ ತಿರುಗುತ್ತಿದೆ, ಇನ್ನೊಂದು ನಿಂತಿದೆ. ಕ್ಲಚ್ ಹಿಡಿದರೆ ತಿರುಗುವುದು ನಿಲ್ಲಬೇಕು. ಆದರೆ ರಾತ್ರಿ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟುಗಳು ತಣ್ಣನೆಯ ಆಯಿಲ್‌ಗೆ ಒಂದಕ್ಕೊಂದು ಅಂಟಿರುತ್ತವೆ, ದೋಸೆ ಮೇಲೆ ದೋಸೆ ಇಟ್ಟಂತೆ. ಹಿಡಿದರೂ ಪೂರಾ ಬಿಡುವುದಿಲ್ಲ. ಹಾಗಾಗಿ ಧಡ್. ಸ್ಟಾರ್ಟ್ ಮಾಡುವ ಮೊದಲು ಗೇರ್‌ನಲ್ಲಿ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಎರಡು ಹೆಜ್ಜೆ ಹಿಂದೆ ಮುಂದೆ ತಳ್ಳಿ. ಪ್ಲೇಟ್ ಬಿಡುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಕ್ಲಚ್ ಹಿಡಿದು ಎರಡು ಮೂರು ಸೆಕೆಂಡ್ ತಡೆದು ಗೇರ್ ಹಾಕಿ. ಧಡ್ ಕಡಿಮೆಯಾದರೆ ಗೇರ್‌ಬಾಕ್ಸ್ ನಿರಪರಾಧಿ.

ಬಿಸಿಯಾದ ಮೇಲೂ ಧಡ್ ಇದ್ದರೆ ಕ್ಲಚ್ ವೈರ್ ನೋಡಿ. ವೈರ್ ಇರುವ ಗಾಡಿಗಳಲ್ಲಿ ಲಿವರ್ ಬುಡದಲ್ಲಿ ಸಾಮಾನ್ಯವಾಗಿ 2–3 ಮಿ.ಮೀ. ಆಟ ಇರಬೇಕು. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಪ್ರತಿ ಗೇರೂ ಒರಟು. ಆಟವೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ.

ಆಯಿಲ್ ಮಾತು ಇಲ್ಲಿಯೇ ಹೇಳಬೇಕು. ನಿಮ್ಮಂಥ ಗಾಡಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲುಗಳು ಅದನ್ನು ಅರೆದು ಅರೆದು ತೆಳ್ಳಗೆ ಮಾಡುತ್ತವೆ. ಆಯಿಲ್ ಬದಲಿಸಿದ ಮೊದಲ ವಾರಗಳಲ್ಲಿ ಗೇರ್ ಬೆಣ್ಣೆಯಂತಿದ್ದು, ಮೂರು ನಾಲ್ಕು ಸಾವಿರ ಕಿ.ಮೀ. ಆದ ಮೇಲೆ ಕಟಕಟ ಅನ್ನಲು ಶುರುವಾಗುತ್ತದೆಯಾ ಅಂತ ನೆನಪು ಮಾಡಿಕೊಳ್ಳಿ. ಹಾಗಿದ್ದರೆ ಕಾರಣ ಆಯಿಲ್. ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿ, ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಅದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು. ಕಾರಿನ ಆಯಿಲ್ ಉಳಿದಿದೆ ಅಂತ ಹಾಕಬೇಡಿ, ಕ್ಲಚ್ ಜಾರಬಹುದು.

ಸೆಕೆಂಡ್ ಬೀಳದೆ ನ್ಯೂಟ್ರಲ್‌ನಲ್ಲಿ ನಿಲ್ಲುವುದಕ್ಕೆ ನಾನು ಮೊದಲು ನೋಡುವುದು ಲಿವರ್. ನ್ಯೂಟ್ರಲ್ ಇರುವುದೇ ಫಸ್ಟ್ ಮತ್ತು ಸೆಕೆಂಡ್ ನಡುವೆ, ಹಾಗಾಗಿ ಅರೆಮನಸ್ಸಿನಿಂದ ಎತ್ತಿದರೆ ಅಲ್ಲೇ ನಿಲ್ಲುತ್ತದೆ. ಟೂರ್‌ಗೆ ದಪ್ಪ ಬೂಟ್ ತಗೊಂಡಿದ್ದರೆ ಲಿವರ್ ಎತ್ತರ ಹೊಂದುವುದಿಲ್ಲ, ಕಾಲ್ಬೆರಳು ಪೂರ್ತಿ ಎತ್ತಲು ಆಗುವುದಿಲ್ಲ. ಅರ್ಧ ಇಂಚು ಮೇಲೇರಿಸಿ ನೋಡಿ. ಲಿವರ್‌ನಿಂದ ಎಂಜಿನ್‌ಗೆ ಹೋಗುವ ಕಡ್ಡಿಯ ಎರಡೂ ತುದಿಯ ಗುಂಡು ಕೀಲುಗಳಲ್ಲಿ ಆ ಸಿಮೆಂಟ್ ಪುಡಿ ಕೂತು ಗಟ್ಟಿಯಾಗಿರುತ್ತದೆ. ತೆಗೆದು ತೊಳೆದು ಗ್ರೀಸ್ ಹಚ್ಚಿ. ಎಷ್ಟೋ ಗಾಡಿಗಳಲ್ಲಿ ಈ ಹತ್ತು ನಿಮಿಷದ ಕೆಲಸಕ್ಕೇ ಗೇರ್ ಹೊಸದರಂತೆ ಬಿದ್ದಿದೆ.

ಓಡಿಸುವ ರೀತಿಯೂ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಇಂಥ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಓಡುತ್ತಿರುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ನಿಂತೇ ಹೋಗುತ್ತದೆ, ಮತ್ತೆ ಹಿಡಿದಾಗ ಒಮ್ಮೆಲೇ ಬರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಮುಂದಿನ ರಶ್‌ನಲ್ಲಿ ಥರ್ಡ್ ಗೇರ್ ಎಳೆದುಕೊಂಡು ಹೋಗಬೇಡಿ. ಒಂದು ಗೇರ್ ಇಳಿಸಿ, ಎಕ್ಸಲರೇಟರ್ ಪೂರ್ತಿ ಬಿಡದೆ ಎಳೆಯಷ್ಟು ಹಿಡಿದಿರಿ, ಹಿಂದಿನ ಬ್ರೇಕ್ ಮೇಲೆ ಕಾಲು ಮೆಲ್ಲಗೆ ಇಟ್ಟು ವೇಗ ಹತೋಟಿಯಲ್ಲಿಡಿ. ಹಲ್ಲುಗಳು ಒಂದೇ ಮಗ್ಗುಲಿಗೆ ತಾಗಿಕೊಂಡೇ ಇರುತ್ತವೆ, ಬಡಿಯಲು ಅವಕಾಶವೇ ಸಿಗುವುದಿಲ್ಲ. ಎಕ್ಸಲರೇಟರ್ ವೈರ್ ಇರುವ ಗಾಡಿಯಾದರೆ ಅದರ ಆಟವನ್ನೂ ಸರಿಮಾಡಿಸಿ.

ಶಾಫ್ಟ್ ಡ್ರೈವ್ ಕೇಳಿದ್ದೀರಿ. ಹೋಂಡಾ ಗೋಲ್ಡ್ ವಿಂಗ್ 1975ರಿಂದಲೂ ಶಾಫ್ಟ್ ಗಾಡಿಯೇ, ಬಿಎಂಡಬ್ಲ್ಯು ಬಾಕ್ಸರ್‌ಗಳೂ ಹಾಗೆಯೇ. ಚೈನ್ ಒರೆಸುವ ಕೆಲಸ ತಪ್ಪುತ್ತದೆ, ಪ್ಲೇ ತಪ್ಪುವುದಿಲ್ಲ. ಅಲ್ಲಿಯೂ ಗೇರ್ ಹಲ್ಲುಗಳಿವೆ, ಕೀಲುಗಳಿವೆ, ಡಾಗ್‌ಗಳಿವೆ. ಝಟಕಾಗೆ ಹೆದರಿ ಶಾಫ್ಟ್ ಗಾಡಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಗೇರ್‌ಬಾಕ್ಸ್ ಯಾವಾಗ ಬಿಚ್ಚಬೇಕು? ಜೋರು ಕೊಟ್ಟಾಗ ಒಂದೇ ಗೇರ್ ಮತ್ತೆ ಮತ್ತೆ ತಾನೇ ಜಾರಿ ಹೊರಬಂದರೆ. ಆಗ ಡಾಗ್ ಮೂಲೆ ಸವೆದು ದುಂಡಗಾಗಿದೆ ಅಥವಾ ಗೇರ್ ಸರಿಸುವ ಫೋರ್ಕ್ ಬಾಗಿದೆ. ಆಯಿಲ್ ಇಳಿಸಿದಾಗ ಕಬ್ಬಿಣದ ಚೂರು ಕೈಗೆ ಸಿಕ್ಕರೆ. ಕೆಸರಿನಂಥ ಬೂದು ಪುಡಿ ಮ್ಯಾಗ್ನೆಟ್‌ಗೆ ಅಂಟಿರುವುದು ಮಾಮೂಲು, ಚೂರು ಮಾಮೂಲಲ್ಲ. ಒಂದು ಗೇರ್‌ನಲ್ಲಿ ಮಾತ್ರ ಕೂಗುವ ಸದ್ದು ಬಂದರೂ ಬಿಚ್ಚಲೇಬೇಕು. ಬಹಳ ಬೈಕುಗಳಲ್ಲಿ ಗೇರ್‌ಬಾಕ್ಸ್ ಮುಟ್ಟಲು ಇಡೀ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ನಿಮ್ಮ ಪತ್ರದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಮೊದಲು ಚಾಕ್ ಗೆರೆಯ ಅಳತೆ ತಗೊಳ್ಳಿ. ಹಬ್ ರಬ್ಬರ್ ಹಾಕಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಗೇರ್‌ನಲ್ಲಿ ಇನ್ನೊಂದು ಸಲ ಅಳೆಯಿರಿ. ಎರಡೂ ಅಂಕಿ ಸರ್ವಿಸ್ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖಿನ ಜೊತೆ ಬರೆದಿಡಿ, ನನಗೂ ತಿಳಿಸಿ. ಆಟ ಇಳಿಯದೆ ಅಷ್ಟೇ ಇದ್ದರೆ ಕ್ಲಚ್ ಪ್ಲೇಟುಗಳು ಕೂರುವ ಬಾಸ್ಕೆಟ್‌ನ ಸ್ಪ್ರಿಂಗ್‌ಗಳನ್ನು ನೋಡೋಣ. ಅದಕ್ಕೆ ಬಲಗಡೆಯ ಕವರ್ ಬಿಚ್ಚಿದರೆ ಸಾಕಾಗುತ್ತದೆ.